ಇಬರ್ ದಡದ ಗಣಿಯೂರು

ಕೊಸೊವೊದ ಮಿತ್ರೊವಿಟ್ಸಾ ಪಟ್ಟಣದಿಂದ ಬೆಟ್ಟದ ದಾರಿಯನ್ನೇರಿ ಸ್ತಾರಿ ತರ್ಗ್ ಎಂಬ ಗಣಿಯೂರನ್ನು ಸೇರಿ, ಅಲ್ಲಿಯ ಖನಿಜ ಸಂಗ್ರಹಾಲಯದ ಗಾಜಿನ ಬೀರುಗಳೆದುರು ನಿಂತಾಗ, ಭೂಗರ್ಭದ ಕತ್ತಲೆಯು ಇಷ್ಟು ಚೆಲುವನ್ನು ಬಚ್ಚಿಟ್ಟುಕೊಂಡಿತ್ತೇ ಎಂಬ ವಿಸ್ಮಯದಿಂದ ನಾನು ಬಹಳ ಹೊತ್ತು ಮಾತಿಲ್ಲದವನಾದೆನು. ಸೀಸದ ಅದಿರಿನ ಬೂದುಬಣ್ಣದ ಘನಾಕೃತಿಗಳು, ಹೊನ್ನಿನಂತೆ ಮಿನುಗುವ ಪೈರೈಟು, ಬಿಳಿಯ ಸ್ಫಟಿಕಶಿಲೆ, ಇವುಗಳ ನಡುವೆ ಹಸುರುಗೂಡಿದ ನೀಲಿಯ ವಿವಿಯನೈಟ್ ಹರಳೊಂದು. ಬೆಳಕು ತಾಗಿದಷ್ಟೂ ಅದು ಕಪ್ಪಾಗುತ್ತ ಹೋಗುವುದೆಂದು, ಹದಿನೈದು ವರ್ಷ ಇದೇ ಗಣಿಯಲ್ಲಿ ಬಂಡೆ ಕೊರೆದಿದ್ದ ಅಲ್ಬೇನಿಯನ್ ವೃದ್ಧರು, ನನ್ನ ದುಭಾಷಿಯಾಗಿದ್ದ ತಮ್ಮ ಮೊಮ್ಮಗಳ ಮೂಲಕ ತಿಳಿಸಿ, ಗಾಜಿನ ಮೇಲೆ ಅಂಗೈಯನ್ನು ಅಡ್ಡ ಹಿಡಿದು ಹರಳಿಗೆ ನೆರಳು ಮಾಡಿದರು. ಆ ಕೈಯ ಚರ್ಮದಡಿ ಕಲ್ಲಿನ ಪುಡಿ ಸೇರಿ ನಿಂತ ನೀಲಿ ಚುಕ್ಕೆಗಳಿದ್ದವು.

ಟ್ರೆಪ್ಚಾ ಎಂಬ ಈ ಗಣಿಯ ಚರಿತ್ರೆ ದೀರ್ಘವಾದುದು. ಮಧ್ಯಯುಗದಲ್ಲಿ ಸ್ಯಾಕ್ಸನ್ ಗಣಿಗಾರರು ಇಲ್ಲಿ ಬೆಳ್ಳಿ ತೆಗೆದರು. 1927ರಲ್ಲಿ ಬ್ರಿಟಿಷ್ ಕಂಪನಿ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಆಕ್ರಮಿಸಿದರು. ತರುವಾಯ ಬೆಲ್‌ಗ್ರೇಡ್ ರಾಜಧಾನಿಯಾಗಿದ್ದ ಸಮಾಜವಾದೀ ಯುಗೊಸ್ಲಾವಿಯ ಅದನ್ನು ರಾಷ್ಟ್ರೀಕರಿಸಿತು. ಆರು ಗಣರಾಜ್ಯಗಳ ಆ ಒಕ್ಕೂಟದಲ್ಲಿ ಕೊಸೊವೊ ಸೆರ್ಬಿಯದೊಳಗಿನ ಸ್ವಾಯತ್ತ ಪ್ರಾಂತವಾಗಿದ್ದು, 1974ರ ಸಂವಿಧಾನದಿಂದ ಬಹುಮಟ್ಟಿಗೆ ಗಣರಾಜ್ಯಗಳಿಗೆ ಸಮನಾದ ಅಧಿಕಾರಗಳನ್ನು ಪಡೆಯಿತು.

ಆದರೆ ಅಧಿಕಾರದ ಸಮತೆ ಅನ್ನದ ಸಮತೆಯಾಗಲಿಲ್ಲ. "ಟ್ರೆಪ್ಚಾ ದುಡಿಯುತ್ತದೆ, ಬೆಲ್‌ಗ್ರೇಡ್ ಬೆಳೆಯುತ್ತದೆ" ಎಂಬ ಇಲ್ಲಿಯ ನಾಣ್ಣುಡಿಯನ್ನು ವೃದ್ಧರು ಆ ದಿನ ಮೂರು ಬಾರಿ ಉಚ್ಚರಿಸಿದರು, ಮೂರು ಬಾರಿಯೂ ದನಿಯಲ್ಲಿ ಅದೇ ನೋವು. ಹಿಂದುಳಿದ ಪ್ರದೇಶಗಳಿಗೆಂದು 1965ರಲ್ಲಿ ಸ್ಥಾಪಿತವಾದ ಒಕ್ಕೂಟದ ನಿಧಿಗೆ ಗಣರಾಜ್ಯಗಳು ತಮ್ಮ ಉತ್ಪನ್ನದ ಶೇಕಡ 2ಕ್ಕಿಂತ ಕಡಿಮೆ ಪಾಲನ್ನು ಕೊಡುತ್ತಿದ್ದವು. ಬಂದ ಹಣವಾದರೂ ಬಹುಪಾಲು ಗಣಿ, ವಿದ್ಯುತ್ತು, ಲೋಹದ ಕಾರ್ಖಾನೆಗಳೆಂಬ ಮಹಾವೆಚ್ಚದ, ಅಲ್ಪ ಉದ್ಯೋಗದ ಕೆಲಸಗಳಿಗೆ ಹೋಯಿತು. ಅದಿರಿಗೂ ವಿದ್ಯುತ್ತಿಗೂ ಸರ್ಕಾರ ಕಟ್ಟಿದ ಬೆಲೆ ಕೆಳಗಿದ್ದು, ಅದರಿಂದ ತಯಾರಾದ ಸಾಮಗ್ರಿಯ ಲಾಭ ಅನ್ಯತ್ರ ಉಳಿಯಿತು. ಹುಟ್ಟುವ ಮಕ್ಕಳ ಸಂಖ್ಯೆಯೂ ಇಲ್ಲಿ ಹೆಚ್ಚಿದ್ದು, ಆದ ಉತ್ಪನ್ನವನ್ನು ಹೆಚ್ಚು ಜನ ಹಂಚಿಕೊಳ್ಳಬೇಕಾಯಿತು. ಹೀಗಾಗಿ ಯುದ್ಧಾನಂತರ ಗಣರಾಜ್ಯಗಳಲ್ಲೊಂದಾದ ಸ್ಲೊವೇನಿಯದ ತಲಾ ಉತ್ಪನ್ನ ಕೊಸೊವೊದ ಮೂರು ಪಟ್ಟಿಗಿಂತ ತುಸು ಹೆಚ್ಚಿದ್ದುದು, 1980ರ ದಶಕದ ಕೊನೆಗೆ ಏಳು ಪಟ್ಟನ್ನೂ ಮೀರಿತು. ಕೊಡುವವರು ನಮ್ಮ ಹಣ ವ್ಯರ್ಥವಾಗುತ್ತಿದೆಯೆಂದರು, ಪಡೆಯುವವರು ನಮ್ಮನ್ನು ಸುಲಿಯುತ್ತಿದ್ದಾರೆಂದರು. ಲೆಕ್ಕದ ಪುಸ್ತಕದಲ್ಲಿ ತೀರಬೇಕಾಗಿದ್ದ ಈ ವ್ಯಾಜ್ಯವು ಕಾಲಕ್ರಮೇಣ ಜನಾಂಗ ಜನಾಂಗಗಳ ವೈರವಾಯಿತೆಂಬುದೇ ನನ್ನ ಮನಸ್ಸನ್ನು ಹಿಂಡಿದ ಸಂಗತಿ. 1981ರಲ್ಲಿ ಪ್ರಿಶ್ಟಿನಾ ವಿಶ್ವವಿದ್ಯಾಲಯದ ಭೋಜನಶಾಲೆಯಲ್ಲಿ ಊಟದ ದೂರಿನಿಂದ ಮೊದಲಾದ ಪ್ರತಿಭಟನೆ, ಕೆಲವೇ ವಾರಗಳಲ್ಲಿ ಗಣರಾಜ್ಯದ ಸ್ಥಾನವನ್ನು ಕೇಳುವಷ್ಟು ಬೆಳೆಯಿತು. ಅತ್ತ ಅಲ್ಪಸಂಖ್ಯಾತರಾದ ಸೆರ್ಬರು ತಮಗೆ ಕಿರುಕುಳವಾಗುತ್ತಿದೆಯೆಂದು ಮನೆಮಾರು ಮಾರಿ ಹೊರಟರು. ಅವರ ಭಯವೂ ಸುಳ್ಳಾಗಿರಲಿಲ್ಲ.

1989ರ ಫೆಬ್ರವರಿಯಲ್ಲಿ, ಕೊಸೊವೊದ ಸ್ವಾಯತ್ತತೆಯನ್ನು ಮೊಟಕುಗೊಳಿಸುವ ಸೆರ್ಬಿಯದ ಸಂವಿಧಾನ ತಿದ್ದುಪಡಿಗಳ ವಿರುದ್ಧ, ಸುಮಾರು 1300 ಗಣಿಗಾರರು ಭೂಗರ್ಭದಲ್ಲಿಯೇ ಎಂಟು ದಿನ ಕುಳಿತರು. ವೃದ್ಧರೂ ಅವರಲ್ಲೊಬ್ಬರು. "ಹಗಲು ರಾತ್ರಿ ಯಾವುದೆಂದು ತಿಳಿಯುತ್ತಿರಲಿಲ್ಲ, ಗಡ್ಡ ಬೆಳೆದದ್ದನ್ನು ಮುಟ್ಟಿ ನೋಡಿ ದಿನ ಎಣಿಸುತ್ತಿದ್ದೆವು" ಎಂದು ಹೇಳುತ್ತ ಅವರು ತಮ್ಮ ಗಲ್ಲವನ್ನು ಸವರಿಕೊಂಡರು. ಅದೇ ತಿಂಗಳ 27ರಂದು, ನಿಧಿಗೆ ಕೊಡಬೇಕಲ್ಲಾ ಎಂದು ಗೊಣಗುತ್ತಿದ್ದ ಸ್ಲೊವೇನಿಯದ ಲ್ಯುಬ್ಲ್ಯಾನಾದಲ್ಲಿಯೇ ಈ ಗಣಿಗಾರರ ಪರವಾಗಿ ಸಭೆ ನಡೆದು, ಬೆಲ್‌ಗ್ರೇಡು ಅದರಿಂದ ಕೆರಳಿತು. ಮಾರ್ಚ್‌ನಲ್ಲಿ ತಿದ್ದುಪಡಿ ಜಾರಿಯಾಯಿತು. ಮರುವರ್ಷ ಅಲ್ಬೇನಿಯನ್ ಕೆಲಸಗಾರರನ್ನು ಸಾಮೂಹಿಕವಾಗಿ ವಜಾ ಮಾಡಲಾಯಿತು. ಒಂದೇ ಕೇಜಿನಲ್ಲಿ ಗಣಿಗೆ ಇಳಿದು, ಒಂದೇ ರೊಟ್ಟಿಯನ್ನು ಮುರಿದು ತಿನ್ನುತ್ತಿದ್ದ ಸೆರ್ಬ್ ಗೆಳೆಯ ಕೆಲಸದಲ್ಲುಳಿದನೆಂದೂ ತಾವು ಹೊರಬಿದ್ದೆವೆಂದೂ ವೃದ್ಧರು ಹೇಳಿದರೇ ಹೊರತು, ಆ ಗೆಳೆಯನ ಮೇಲೆ ಒಂದು ಕಟುವಾದ ಮಾತನ್ನೂ ಆಡಲಿಲ್ಲ.

1999ರ ಯುದ್ಧದ ತರುವಾಯ ಇಬರ್ ನದಿಯೇ ಮಿತ್ರೊವಿಟ್ಸಾ ಊರಿನ ಗಡಿಯಾಗಿದೆ: ಉತ್ತರಕ್ಕೆ ಸೆರ್ಬರು, ದಕ್ಷಿಣಕ್ಕೆ ಅಲ್ಬೇನಿಯನ್ನರು. ಉತ್ತರದ ಗುಡ್ಡದ ಮೇಲೆ, ಎರಡನೆಯ ಮಹಾಯುದ್ಧದಲ್ಲಿ ಮಡಿದ ಎರಡೂ ಜನಾಂಗಗಳ ಗಣಿಗಾರರ ನೆನಪಿಗಾಗಿ ಬೊಗ್ದಾನ್ ಬೊಗ್ದಾನೊವಿಚ್ ಎಂಬ ವಾಸ್ತುಶಿಲ್ಪಿ 1973ರಲ್ಲಿ ನಿಲ್ಲಿಸಿದ ಸ್ಮಾರಕವಿದೆ. ಎರಡು ಬೃಹತ್ ಸ್ತಂಭಗಳು ಅದಿರಿನ ತೊಟ್ಟಿಯೊಂದನ್ನು ಹೊತ್ತಿರುವಂತೆ ತೋರುತ್ತದೆ. ವೃದ್ಧರು ಸೇತುವೆಯ ಈಚೆಗೇ ನಿಂತು, "ನೀವು ಹೋಗಿ ನೋಡಿ ಬನ್ನಿ" ಎಂದರು. ನಾನು ಹತ್ತಿ, ಬುಡದಲ್ಲಿ ಬೆಳೆದ ಹುಲ್ಲನ್ನೂ ಉದುರಿದ ಕಾಂಕ್ರೀಟಿನ ಚಕ್ಕೆಗಳನ್ನೂ ಕಂಡು, ಸಂಜೆಗೆ ಮರಳಿ ವರದಿ ಒಪ್ಪಿಸಿದೆನು. ಅವರು ತಲೆದೂಗಿ, ಬೀಳ್ಕೊಡುವಾಗ "ಸ್ರೆಚ್ನೊ" ಎಂದರು. ಅದು ಕೆಳಗಿಳಿಯುವ ಗಣಿಗಾರರು ಒಬ್ಬರಿಗೊಬ್ಬರು ಶುಭ ಕೋರುತ್ತಿದ್ದ ಸೆರ್ಬಿಯನ್ ಮಾತು. ಮೊಮ್ಮಗಳಿಗೆ ಅದು ತಿಳಿಯಲಿಲ್ಲ. ಅವಳು ನನ್ನ ಕಡೆಗೂ ಅಜ್ಜನ ಕಡೆಗೂ ನೋಡಿದಳು, ಆತನೇ ಅದರ ಅರ್ಥವನ್ನು ಅವಳಿಗೆ ಬಿಡಿಸಿ ಹೇಳಬೇಕಾಯಿತು.