ಜಮೀನಿನ ಹಕ್ಕೂ ಸ್ವಾಧೀನವೂ

ಪಿತ್ರಾರ್ಜಿತವಾದ ಹೊಲವನ್ನು ಬಂಧುವಿನ ವಶದಲ್ಲಿ ಬಿಟ್ಟು ಪಟ್ಟಣಕ್ಕೆ ಹೋದವನು, ಬಹು ವರ್ಷಗಳ ಮೇಲೆ ಹಿಂದಿರುಗಿ ಅದನ್ನು ಕೇಳಿದಾಗ, “ಇದು ನನ್ನದು” ಎಂಬ ಉತ್ತರವನ್ನು ಪಡೆಯುವುದು ಗ್ರಾಮಗಳಲ್ಲಿ ಅಪೂರ್ವವಲ್ಲ. ನೆರೆಹೊಲದವನು ವರ್ಷಕ್ಕೊಂದು ಸಾಲಿನಂತೆ ಬದುವನ್ನು ಉಳುತ್ತ ಬಂದು, ಕಡೆಗೆ ಕೆಲವು ಗುಂಟೆಗಳನ್ನೇ ಸೇರಿಸಿಕೊಳ್ಳುವುದೂ ಉಂಟು. ಬಲಾತ್ಕಾರದಿಂದ ಬಿಡಿಸಿಕೊಳ್ಳಲು ಹೋದವನು ಫೌಜುದಾರಿ ಮೊಕದ್ದಮೆಗೆ ಸಿಕ್ಕುವನು. ಹಕ್ಕಿನ ಆಧಾರದ ಮೇಲೆ ಸಿವಿಲ್ ನ್ಯಾಯಾಲಯದಲ್ಲಿ ಸ್ವಾಧೀನದ ದಾವೆ ಹೂಡುವುದೇ ಸರಿಯಾದ ಮಾರ್ಗವು. ಇದರ ಜಯಾಪಜಯಗಳು ಮುಖ್ಯವಾಗಿ ಕಾಲವನ್ನೂ ಕಾಗದಪತ್ರಗಳನ್ನೂ ಅವಲಂಬಿಸಿರುತ್ತವೆ.

ಕಾಲದ ಮಿತಿ

1908ರ ಕಾಲಮಿತಿ ಕಾಯಿದೆಯು ಜಾರಿಯಲ್ಲಿದ್ದಾಗ, ಸ್ವಾಧೀನ ತಪ್ಪಿಹೋದವನು ದಾವೆಗೆ ಹಿಂದಿನ 12 ವರ್ಷಗಳೊಳಗೆ ತಾನು ಸ್ವಾಧೀನದಲ್ಲಿದ್ದುದನ್ನು ತಾನೇ ರುಜುವಾತು ಪಡಿಸಬೇಕಾಗಿದ್ದಿತು. 1963ರ ಕಾಯಿದೆಯು ಈ ಭಾರವನ್ನು ಬದಲಾಯಿಸಿತು. ಅದರ 65ನೆಯ ಬಾಬಿನಂತೆ ವಾದಿಯು ತನ್ನ ಹಕ್ಕನ್ನು ಸ್ಥಾಪಿಸಿದರೆ, 12 ವರ್ಷಗಳ ಪ್ರತಿಕೂಲ ಸ್ವಾಧೀನವನ್ನು ಪ್ರತಿವಾದಿಯೇ ತೋರಿಸಬೇಕು. ಆ ಸ್ವಾಧೀನವು ಬಹಿರಂಗವಾಗಿಯೂ, ಎಡೆಬಿಡದೆಯೂ, ಒಡೆಯನ ಹಕ್ಕನ್ನು ನಿರಾಕರಿಸುವಂತೆಯೂ ಇರತಕ್ಕದ್ದು. ಒಡೆಯನ ಅನುಮತಿಯಿಂದ ಉಳುತ್ತಿರುವವನ ಸ್ವಾಧೀನವು, ಎಷ್ಟು ದೀರ್ಘವಾದರೂ, ಅಷ್ಟರಿಂದಲೇ ಪ್ರತಿಕೂಲವಾಗುವುದಿಲ್ಲ.

ಆದರೆ ಅವಧಿ ಮೀರಿದ ಮೇಲೆ 27ನೆಯ ಪ್ರಕರಣದಂತೆ ಒಡೆಯನ ದಾವೆ ಮಾತ್ರವಲ್ಲ, ಅವನ ಹಕ್ಕೇ ನಷ್ಟವಾಗುವುದು. ಹೀಗೆ ಹಕ್ಕನ್ನು ಗಳಿಸಿದವನು ತಾನೇ ವಾದಿಯಾಗಿಯೂ ಬರಬಹುದೆಂದು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ತೀರ್ಮಾನಿಸಿತು. ಆದುದರಿಂದ ಉದಾಸೀನನಾದ ಒಡೆಯನಿಗೆ ಅಪಾಯವು ಹೆಚ್ಚಿದೆ.

ಕಾನೂನಿನ ಕ್ರಮವಿಲ್ಲದೆ ಹೊಲದಿಂದ ಹೊರಹಾಕಲ್ಪಟ್ಟವನು 6 ತಿಂಗಳೊಳಗೆ ಬಂದರೆ, 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೆಯ ಪ್ರಕರಣದಂತೆ, ಹಕ್ಕಿನ ವಿಚಾರಣೆಯಿಲ್ಲದೆಯೇ ಸ್ವಾಧೀನವನ್ನು ಮರಳಿ ಪಡೆಯಬಹುದು. ಸರ್ಕಾರದ ವಿರುದ್ಧ ಈ ಸೌಲಭ್ಯವಿಲ್ಲ.

ಖಾತೆಯೇ ಹಕ್ಕಲ್ಲ

ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಜಮೀನು ತನ್ನದೆಂಬ ಭಾವನೆಯು ಅನೇಕರಲ್ಲಿದೆ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 133ನೆಯ ಪ್ರಕರಣದಂತೆ, ವಿರುದ್ಧವಾದುದು ರುಜುವಾತಾಗುವವರೆಗೆ ಪಹಣಿಯ ನಮೂದನ್ನು ಸತ್ಯವೆಂದು ಭಾವಿಸತಕ್ಕದ್ದು. ಆದರೆ ಆ ನಮೂದು ಹಕ್ಕನ್ನು ಹುಟ್ಟಿಸುವುದಿಲ್ಲ, ಅಳಿಸುವುದೂ ಇಲ್ಲ. ನೋಂದಾಯಿತ ಕ್ರಯಪತ್ರ, ವಿಭಾಗಪತ್ರ, ಮಂಜೂರಾತಿ ಆಜ್ಞೆ ಮುಂತಾದುವೇ ಹಕ್ಕಿಗೆ ಮೂಲ. ಪ್ರತಿವಾದಿಯ ದಾಖಲೆಗಳ ದೌರ್ಬಲ್ಯದಿಂದ ವಾದಿಯು ಗೆಲ್ಲಲಾರನು. ತನ್ನ ಹಕ್ಕಿನ ಬಲದಿಂದಲೇ ಗೆಲ್ಲಬೇಕು.

ದಾವೆಯಲ್ಲಿ ಕೇಳತಕ್ಕುದು

ಹಕ್ಕಿನ ಬಗ್ಗೆ ವಿವಾದವಿದ್ದು ಸ್ವಾಧೀನವೂ ತಪ್ಪಿರುವಲ್ಲಿ, ಕೇವಲ ತಡೆಯಾಜ್ಞೆಯನ್ನು ಕೇಳುವುದು ನಿಷ್ಫಲ. ಹಕ್ಕಿನ ಘೋಷಣೆಯನ್ನೂ ಸ್ವಾಧೀನವನ್ನೂ ಒಟ್ಟಿಗೆ ಕೇಳಬೇಕೆಂದು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಸ್ಪಷ್ಟಪಡಿಸಿತು. ಅನ್ಯಾಯವಾಗಿ ಅನುಭವಿಸಿದ ಫಸಲಿನ ಉತ್ಪತ್ತಿಯನ್ನೂ ಕೇಳಬಹುದು. ಸರ್ವೆ ನಂಬರು, ವಿಸ್ತೀರ್ಣ, ಚೆಕ್ಕುಬಂದಿಗಳು ದಾವೆಯಲ್ಲಿ ತಪ್ಪಿಲ್ಲದೆ ಇರತಕ್ಕದ್ದು. ಒತ್ತುವರಿಯ ಮಾತು ಬಂದಲ್ಲಿ ಮೊದಲೇ ಹದ್ದುಬಸ್ತು ಅಳತೆಯನ್ನು ಮಾಡಿಸುವುದು ಮೇಲು. ಎಷ್ಟು ಗುಂಟೆ ಹೋಗಿದೆಯೆಂದು ಹೇಳಲಾರದವನಿಗೆ ಡಿಕ್ರಿ ದೊರೆತರೂ ಅದರ ಜಾರಿಯು ಕಷ್ಟ.

ಗ್ರಾಮದ ಹಿರಿಯರ ಕರ್ತವ್ಯ

ಗ್ರಾಮದ ಮುಖಂಡರು ಉಭಯ ಕಕ್ಷಿಗಳನ್ನೂ ಕೂಡಿಸಿ ರಾಜಿ ಮಾಡಿಸುವುದು ಶ್ಲಾಘ್ಯ. ಆದರೆ ಬಾಯಿಮಾತಿನ ರಾಜಿಯು ಮುಂದಿನ ತಲೆಮಾರಿಗೆ ಹೊಸ ವ್ಯಾಜ್ಯವಾದೀತು. ಒಪ್ಪಂದವನ್ನು ಬರೆದು, ಅದರಿಂದ ಹಕ್ಕು ವರ್ಗವಾಗುವಲ್ಲಿ ನೋಂದಣಿ ಮಾಡಿಸತಕ್ಕದ್ದು. ರಾಜಿಯ ಆಸೆಯಿಂದ ವರ್ಷಗಳು ಕಳೆದರೂ ಕಾಲಮಿತಿಯು ನಿಲ್ಲುವುದಿಲ್ಲವೆಂಬುದನ್ನೂ ಒಡೆಯನಿಗೆ ತಿಳಿಸಬೇಕು.

ಭೂಮಾಲೀಕರು ವರ್ಷಕ್ಕೊಮ್ಮೆಯಾದರೂ ತಮ್ಮ ಹೊಲದ ನಾಲ್ಕು ಎಲ್ಲೆಗಳನ್ನು ಸುತ್ತಿ ನೋಡಿ, ಗಡಿಕಲ್ಲುಗಳು ಸ್ಥಳದಲ್ಲಿವೆಯೇ ಎಂದು ಪರೀಕ್ಷಿಸಲಿ. ಪಹಣಿಯ ನಕಲನ್ನು ಪಡೆದು ಓದಲಿ. ಬಂಧುವಿಗೆ ಉಳಲು ಬಿಟ್ಟರೆ ಅನುಮತಿಯನ್ನು ಬರಹದಲ್ಲಿಡಲಿ. ಈ ಅಲ್ಪ ಶ್ರಮವು ನ್ಯಾಯಾಲಯದಲ್ಲಿ ಕಳೆಯಬೇಕಾದ ಅನೇಕ ವರ್ಷಗಳನ್ನು ಉಳಿಸುವುದು.