ಜನವಳಿದ ನಗರದಲ್ಲಿ ನಲ್ಲಿಯ ನೀರು

ಒಂದು ನಗರದ ಜನರೆಲ್ಲರೂ ಇದ್ದಕ್ಕಿದ್ದಂತೆ ಇಲ್ಲವಾದರೆಂದು ಇಟ್ಟುಕೊಳ್ಳೋಣ. ಕಟ್ಟಡಗಳೂ ತಂತಿಗಳೂ ಕೊಳವೆಗಳೂ ಇದ್ದಂತೆಯೇ ಇವೆ. ಮೊದಲು ನಿಲ್ಲುವುದು ಯಾವುದು: ವಿದ್ಯುದ್ದೀಪವೋ, ನಲ್ಲಿಯ ನೀರೋ? ಈ ಪ್ರಶ್ನೆಯನ್ನು ವಿಜ್ಞಾನಿಗೆ ತಕ್ಕ ತಾಳ್ಮೆಯಿಂದ ಬಿಡಿಸಲೆತ್ನಿಸಿದವನು ಒಬ್ಬ ಕಾದಂಬರಿಕಾರ. ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕನಾಗಿದ್ದ ಜಾರ್ಜ್ ಸ್ಟ್ಯೂಅರ್ಟನೇ (1895–1980) ಆತನು. ಗ್ರಂಥವು 1949ರಲ್ಲಿ ಪ್ರಕಟವಾದ ‘ಅರ್ತ್ ಅಬೈಡ್ಸ್’.

ಮನುಕುಲದ ಅಳಿವಿನ ಕಥೆಗಳು ಅದಕ್ಕೆ ಮೊದಲೂ ಇದ್ದವು, ಅನಂತರವೂ ಬಂದವು. ನೆವಿಲ್ ಷೂಟನ ‘ಆನ್ ದಿ ಬೀಚ್’ (1957) ಎಂಬುದರಲ್ಲಿ ಕೋಬಾಲ್ಟ್ ಬಾಂಬುಗಳ ವಿಕಿರಣವು ಉತ್ತರದಿಂದ ದಕ್ಷಿಣಕ್ಕೆ ಹಬ್ಬುತ್ತದೆ. ಕೋಬಾಲ್ಟ್-60ರ ಅರ್ಧಾಯು ಸುಮಾರು 5.3 ವರ್ಷ. ಹತ್ತು ಅರ್ಧಾಯುಗಳು, ಎಂದರೆ 53 ವರ್ಷಗಳು ಕಳೆದರೆ ಉಳಿಯುವುದು ಸಾವಿರಕ್ಕೆ ಒಂದು ಪಾಲು. ಅಷ್ಟು ಕಾಲ ಕಾಯಲು ಅಲ್ಲಿ ಯಾರೂ ಇರುವುದಿಲ್ಲ. ಮನಕಲಕುವ ಪುಸ್ತಕವೇ ಸರಿ. ಆದರೆ ಎಲ್ಲರೂ ಅಳಿದ ಮೇಲೆ ಸಮಾಜವನ್ನು ಮತ್ತೆ ಕಟ್ಟುವ ಮಾತೆಲ್ಲಿ ಬಂತು? ಸ್ಟ್ಯೂಅರ್ಟನು ಕೆಲವರನ್ನು ಉಳಿಸಿದ್ದಾನೆ.

ಆತನ ನಾಯಕ ಇಷ್ ಎಂಬ ತರುಣನು ಬೆಟ್ಟದಲ್ಲಿ ಹಾವು ಕಚ್ಚಿ ಒಂಟಿಯಾಗಿ ಬಿದ್ದಿದ್ದು, ಚೇತರಿಸಿಕೊಂಡು ಇಳಿದು ಬರುವಷ್ಟರಲ್ಲಿ ಹೊಸದೊಂದು ರೋಗವು ದೇಶವನ್ನೇ ಬರಿದುಮಾಡಿರುತ್ತದೆ. ಆದರೂ ದೀಪಗಳು ಉರಿಯುತ್ತಿವೆ! ಇದಕ್ಕೆ ಕಾರಣ ಜಲವಿದ್ಯುತ್ತು. ನೀರು ಇಳಿಯುತ್ತಿರುವವರೆಗೆ ಟರ್ಬೈನು ತಿರುಗುತ್ತದೆ. ಹೊರೆಗೆ ತಕ್ಕಂತೆ ನೀರಿನ ಬಾಗಿಲನ್ನು ವೇಗನಿಯಂತ್ರಕವು ತಾನೇ ತೆರೆದು ಮುಚ್ಚುತ್ತದೆ. ಆದರೆ ತಿರುಗುವ ಯಂತ್ರಕ್ಕೆ ಎಣ್ಣೆ ಬೇಕು, ತಂತಿಯ ಮೇಲೆ ಮರ ಉರುಳಬಾರದು. ಕೊನೆಗೊಂದು ದಿನ ಬೆಳಕು ಕುಗ್ಗಿ ಆರುತ್ತದೆ. ಒಂದಕ್ಕೊಂದು ಹೆಣೆದುಕೊಂಡಿರುವ ಇಂದಿನ ವಿದ್ಯುಜ್ಜಾಲದಲ್ಲಾದರೆ ಒಂದು ಕೇಂದ್ರದ ಸೋಲು ಉಳಿದವುಗಳನ್ನೂ ಎಳೆದೀತು. ಕತ್ತಲೆ ಇನ್ನೂ ಬೇಗ ಕವಿಯುತ್ತಿತ್ತೆಂದು ನಮ್ಮ ಅಭಿಪ್ರಾಯ.

ನೀರಾದರೋ ಇಪ್ಪತ್ತಕ್ಕೂ ಹೆಚ್ಚು ವರ್ಷ ಬರುತ್ತದೆ. ಎತ್ತರದ ಜಲಾಶಯದಿಂದ ತಗ್ಗಿಗೆ ಹರಿಯಲು ಗುರುತ್ವಾಕರ್ಷಣೆಯೊಂದೇ ಸಾಕು, ಸವೆಯುವ ಯಂತ್ರವಿಲ್ಲ. ಸವೆಯುವುದು ಕೊಳವೆ, ಅದೂ ತುಕ್ಕಿನಿಂದ, ಸದ್ದಿಲ್ಲದೆ. ಇಪ್ಪತ್ತೆರಡನೆಯ ವರ್ಷದಲ್ಲಿ ನಲ್ಲಿಗಳು ಒಣಗಿದಾಗ ಮಾತ್ರ ಜನರಿಗೆ ಎಚ್ಚರವಾಗುತ್ತದೆ. ಅಷ್ಟು ಕಾಲವೂ ಅವರು ಅಳಿದವರ ಅಂಗಡಿಗಳ ಡಬ್ಬಿಗಳಿಂದಲೇ ಉಂಡಿದ್ದರು. ಹಸಿವೆಯಿಲ್ಲದ್ದರಿಂದ ಉಳುಮೆಯೂ ಬೇಕಾಗಲಿಲ್ಲ, ಓದೂ ಬೇಕಾಗಲಿಲ್ಲ. ನಮ್ಮ ಮಟ್ಟಿಗೆ ಇದೇ ಗ್ರಂಥದ ಅತ್ಯಂತ ತೀಕ್ಷ್ಣವಾದ ಊಹೆ: ಕೊರತೆಗಿಂತ ಹೆಚ್ಚಾಗಿ ಸಮೃದ್ಧಿಯೇ ವಿದ್ಯೆಯನ್ನು ಮರೆಸಿತು.

ಆ ಪುಟ್ಟ ಗುಂಪಿನ ಪಂಚಾಂಗವನ್ನು ಇಲ್ಲಿ ಹೇಳಲೇಬೇಕು. ಸಂಜೆಯ ಸೂರ್ಯನು ದಕ್ಷಿಣದ ಕೊನೆಯ ಎಲ್ಲೆಯನ್ನು ಮುಟ್ಟಿ ಹಿಂದಿರುಗುವ ದಿನವೇ ಅವರ ವರ್ಷಾಂತ್ಯ. ಅಂದು ಬಂಡೆಯ ಮೇಲೆ ವರ್ಷದ ಅಂಕೆಯನ್ನು ಕೆತ್ತಿ, ಆ ವರ್ಷಕ್ಕೊಂದು ಹೆಸರಿಡುತ್ತಾರೆ. ಬರ್ಕ್ಲಿಯ ಅಕ್ಷಾಂಶದಲ್ಲಿ (ಸುಮಾರು 38 ಡಿಗ್ರಿ) ಆ ಎಲ್ಲೆಯು ನೇರ ಪಶ್ಚಿಮಕ್ಕೆ 30 ಡಿಗ್ರಿ ದಕ್ಷಿಣದಲ್ಲಿರುತ್ತದೆ. ಮಾರ್ಚ್ ತಿಂಗಳಲ್ಲಿ ಅಸ್ತಮಾನದ ಸ್ಥಾನವು ದಿನಕ್ಕೆ ಸುಮಾರು ಅರ್ಧ ಡಿಗ್ರಿ, ಎಂದರೆ ಸೂರ್ಯಬಿಂಬದ ಅಗಲದಷ್ಟು ಸರಿಯುವುದುಂಟು. ಡಿಸೆಂಬರಿನ ಎಲ್ಲೆಯಲ್ಲಿಯಾದರೋ ಒಂದು ವಾರ ಕಳೆದರೂ ಅರ್ಧ ಬಿಂಬದಷ್ಟೂ ಸರಿಯದು. ಆದುದರಿಂದ ಬರಿಗಣ್ಣಿನಿಂದ ನಿಖರವಾದ ದಿನ ಸಿಕ್ಕದು. ಚಿಂತೆಯಿಲ್ಲ, ಪ್ರತಿವರ್ಷವೂ ಹೊಸದಾಗಿ ನೋಡುವುದರಿಂದ ತಪ್ಪು ಕೂಡುತ್ತ ಹೋಗುವುದಿಲ್ಲ. ವಾಚಕರು ತಮ್ಮ ಮನೆಯ ಮಾಳಿಗೆಯಿಂದಲೇ ಇದನ್ನು ಪರೀಕ್ಷಿಸಬಹುದು. ಸೂರ್ಯನನ್ನು ದಿಟ್ಟಿಸದೆ, ಮುಳುಗಿದ ಜಾಗವನ್ನು ಗುರುತಿಸಿಕೊಂಡರೆ ಸಾಕು.

ಸಮಾಜಕ್ಕೆ ಪಂಚಾಂಗವೊಂದೇ ಸಾಲದು. ಹೊರಗಿನಿಂದ ಬಂದ ಚಾರ್ಲಿ ಎಂಬವನು ರೋಗಿಷ್ಠನೂ ಕೇಡಿಗನೂ ಎಂದು ತಿಳಿದಾಗ ಹಿರಿಯರು ಚೀಟಿಗಳಲ್ಲಿ ಮತ ಹಾಕಿ ಅವನಿಗೆ ಮರಣದಂಡನೆ ವಿಧಿಸುತ್ತಾರೆ. ಅವನು ಮಾಡಿದುದಕ್ಕಲ್ಲ, ಮುಂದೆ ಮಾಡಬಹುದಾದುದಕ್ಕೆ. ನ್ಯಾಯಾಲಯವಿಲ್ಲದ, ಹೊರದಬ್ಬಿದರೆ ಮರಳಿ ಬಾರದಂತೆ ತಡೆಯುವವರೂ ಇಲ್ಲದ ಜನರು ಇನ್ನೇನು ಮಾಡಬಹುದಾಗಿತ್ತು? ಸ್ಟ್ಯೂಅರ್ಟನು ಉತ್ತರಿಸುವುದಿಲ್ಲ. ನಮಗೂ ಆ ಪುಟಗಳನ್ನು ಸಮಾಧಾನದಿಂದ ಓದಲಾಗಲಿಲ್ಲ. ಇಷ್ಟರಲ್ಲಿಯೇ ವಿಷಮಶೀತಜ್ವರವು ಹರಡಿ ಹಲವರನ್ನು ಬಲಿ ತೆಗೆದುಕೊಳ್ಳುತ್ತದೆ; ಅವರಲ್ಲಿ ಇಷ್‌ನ ಮಗ ಜೋಯಿಯೂ ಒಬ್ಬ. ಅಕ್ಷರದಲ್ಲಿ ಆಸಕ್ತಿಯಿದ್ದ ಬಾಲಕನು ಅವನೊಬ್ಬನೇ.

ಆಮೇಲೆ ಇಷ್ ಪಾಠಶಾಲೆಯನ್ನು ಕೈಬಿಡುತ್ತಾನೆ. ಉಗ್ರಾಣದ ತೋಟಾಗಳು ಎಂದಾದರೊಂದು ದಿನ ಮುಗಿಯಲೇಬೇಕೆಂದು ಎಣಿಸಿ, ಮಕ್ಕಳಿಗೆ ಬಿಲ್ಲುಬಾಣವನ್ನು ಆಟವೆಂಬಂತೆ ಮಾಡಿಕೊಡುತ್ತಾನೆ. ಅವನು ಮುದುಕನಾಗುವಷ್ಟರಲ್ಲಿ ಆ ಆಟವೇ ಬೇಟೆಯಾಗಿದೆ. ಬಾಣದ ಮೊನೆಗಳನ್ನು ತರುಣರು ಹಳೆಯ ನಾಣ್ಯಗಳಿಂದ ಬಡಿದು ಮಾಡಿಕೊಳ್ಳುತ್ತಾರೆ. ಆ ಕಾಲದ ಅಮೆರಿಕದ ಸೆಂಟು ನಾಣ್ಯದಲ್ಲಿ ನೂರಕ್ಕೆ 95 ಪಾಲು ತಾಮ್ರ. ಕಾಯಿಸದೆ ಬಡಿದರೂ ಅದು ಅಗಲವಾಗುತ್ತದೆ, ಬಡಿದಷ್ಟೂ ಗಡಸಾಗುತ್ತದೆ. ಇದನ್ನು ಆ ಹುಡುಗರಿಗೆ ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ.