ನಿಮಗಿದು ಗೊತ್ತೆ? ಹ್ಯಾಮ್ ಕ್ಲಬ್ಬಿಗೂ ಉಂಟು ಸ್ವಂತ ಕರೆಸಂಕೇತ!

ಹವ್ಯಾಸಿ ರೇಡಿಯೊ ಬಳಸುವವರಿಗೆ, ಅಂದರೆ ಹ್ಯಾಮ್‌ಗಳಿಗೆ, ತಮ್ಮದೇ ಕರೆಸಂಕೇತ ಇರುತ್ತದೆ. ಅದು ಆಕಾಶದಲ್ಲಿ ಅವರ ಹೆಸರಿದ್ದಂತೆ. ಅವರು ಕೂಡಿ ಕಟ್ಟಿದ ಕ್ಲಬ್ಬಿಗೂ ಪ್ರತ್ಯೇಕ ಸಂಕೇತ ಸಿಗುತ್ತದೆ.

ಅಮೆರಿಕದಲ್ಲಿ ಇದಕ್ಕೆ ಕನಿಷ್ಠ 4 ಸದಸ್ಯರು ಬೇಕು. ಕ್ಲಬ್ಬಿಗೊಂದು ಹೆಸರು, ಲಿಖಿತ ನಿಯಮಾವಳಿ, ಆಡಳಿತ ವ್ಯವಸ್ಥೆ ಇರಬೇಕು; ಹವ್ಯಾಸಿ ರೇಡಿಯೊ ಚಟುವಟಿಕೆಯೇ ಅದರ ಮುಖ್ಯ ಉದ್ದೇಶವಾಗಿರಬೇಕು. ಲೈಸೆನ್ಸ್ ಕೊಡುವುದು ಕ್ಲಬ್ ನೇಮಿಸಿದ ಟ್ರಸ್ಟಿಯ ಹೆಸರಿಗೆ. ಆತ ಸ್ವತಃ ಹ್ಯಾಮ್ ಆಗಿರಲೇಬೇಕು.

ಅಲ್ಲಿ ಹ್ಯಾಮ್ ತೀರಿಕೊಂಡರೆ ಆತನ ಸಂಕೇತ ಸಾಮಾನ್ಯವಾಗಿ 2 ವರ್ಷ ಬೇರೆಯವರಿಗೆ ಸಿಗದು. ಆದರೆ ಹತ್ತಿರದ ಬಂಧುಗಳು ಲಿಖಿತ ಒಪ್ಪಿಗೆ ಕೊಟ್ಟರೆ ಕ್ಲಬ್ ಅದನ್ನು ಬೇಗನೆ ಪಡೆದು, ಅಗಲಿದವರ ನೆನಪನ್ನು ಗಾಳಿಯಲ್ಲಿ ಜೀವಂತವಾಗಿಡಬಹುದು.

ಇಂಥ ನೆನಪಿನ ಪ್ರಸಿದ್ಧ ಉದಾಹರಣೆ ‘ಡಬ್ಲ್ಯೂ1ಎಡಬ್ಲ್ಯೂ’. ಅಮೆರಿಕದ ಹ್ಯಾಮ್‌ಗಳ ಸಂಘವನ್ನು 1914ರಲ್ಲಿ ಕಟ್ಟಿದವರಲ್ಲೊಬ್ಬರಾದ ಹೈರಮ್ ಪರ್ಸಿ ಮ್ಯಾಕ್ಸಿಮ್ ಅವರ ಸಂಕೇತವದು. 1936ರಲ್ಲಿ ಅವರು ತೀರಿಕೊಂಡ ಬಳಿಕ ಅದು ಸಂಘದ ಕೇಂದ್ರ ನಿಲ್ದಾಣಕ್ಕೆ ಬಂತು. ಇಂದಿಗೂ ಕನೆಕ್ಟಿಕಟ್‌ನ ನ್ಯೂಯಿಂಗ್ಟನ್‌ನಿಂದ ಕೇಳಿಬರುತ್ತದೆ.

ಭಾರತದ ಹ್ಯಾಮ್ ಸಂಕೇತಗಳು ‘ವಿಯು’ ಎಂದು ಶುರುವಾಗುತ್ತವೆ. ಬೆಂಗಳೂರಿನಲ್ಲಿ ಇಸ್ರೊದ ಉಪಗ್ರಹ ಕೇಂದ್ರದ ‘ಉಪಗ್ರಹ ಅಮೆಚೂರ್ ರೇಡಿಯೊ ಕ್ಲಬ್’ನ ಸಂಕೇತ ‘ವಿಯು2ಯುಆರ್‌ಸಿ’. 2005ರ ಮೇ 5ರಂದು ಶ್ರೀಹರಿಕೋಟಾದಿಂದ ನೆಗೆದ, ಹ್ಯಾಮ್‌ಗಳಿಗೆಂದೇ ರೂಪಿಸಿದ ‘ಹ್ಯಾಮ್‌ಸ್ಯಾಟ್’ ಉಪಗ್ರಹ ಸಿದ್ಧವಾದದ್ದೂ ಇದೇ ಊರಿನಲ್ಲಿ.